ಹಳೇ ಗಡಿ ಒಪ್ಪಂದ ಓದುವುದು ಹೇಗೆ? 1689ರ ನೆರ್ಚಿನ್ಸ್ಕ್ ಮುಂದಿಟ್ಟುಕೊಂಡು ನೋಡೋಣ

ಒಪ್ಪಂದ ಅಂದ ಕೂಡಲೇ ನಮಗೆ ನೆನಪಾಗುವುದು ಪರೀಕ್ಷೆ. ಯಾವ ಇಸವಿ, ಯಾವ ಊರು, ಯಾರ್ಯಾರ ನಡುವೆ, ಯಾವ ನದಿ ಗಡಿ ಆಯ್ತು. ಬಾಯಿಪಾಠ ಮಾಡಿ, ಬರೆದು, ಹೊರಗೆ ಬಂದು ಮರೆತರೆ ಮುಗೀತು. ಆದರೆ ಹಳೇ ಗಡಿ ಒಪ್ಪಂದ ಒಂದನ್ನು ಸುಮ್ನೆ ಕುತೂಹಲಕ್ಕೆ ಕೂತು ಓದಬೇಕು ಅನ್ನಿಸಿದರೆ ಎಲ್ಲಿಂದ ಶುರು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ತೆಗೆದುಕೊಂಡಿರುವುದು 1689ರ ನೆರ್ಚಿನ್ಸ್ಕ್ ಒಪ್ಪಂದ. ಒಂದು ಕಡೆ ರಷ್ಯಾದ ಝಾರ್ ದೊರೆಗಳು, ಇನ್ನೊಂದು ಕಡೆ ಚೀನಾವನ್ನು ಆಳುತ್ತಿದ್ದ ಚಿಂಗ್ ಸಾಮ್ರಾಜ್ಯ. ಚಿಕ್ಕ ಕಾಗದ, ಆರೇ ಆರು ಅಂಶ. ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಿಬಿಡಬಹುದು. ಅರ್ಥ ಮಾಡಿಕೊಳ್ಳೋಕೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಬೇಕು.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಡಿ ಎಲ್ಲಿ ಬಿತ್ತು ಅನ್ನುವುದನ್ನು ಆಮೇಲೆ ನೋಡಿ. ಇಬ್ಬರಿಗೂ ಏನು ಅವಸರ ಇತ್ತು ಅನ್ನುವುದನ್ನು ಮೊದಲು ಹುಡುಕಿ.

ಮೊದಲು ಭೂಪಟ, ಆಮೇಲೆ ಕಾಗದ

ಫೋನಿನಲ್ಲಿ ಭೂಪಟ ತೆರೆಯಿರಿ. ಈಗಿನ ದೇಶಗಳ ಗೆರೆ ಎದ್ದು ಕಾಣುವ ನಕ್ಷೆ ಬೇಡ. ಅದನ್ನು ನೋಡುತ್ತಾ ಓದಿದರೆ ಆಗಿನವರಿಗೂ ಇದೆಲ್ಲ ಗೊತ್ತಿತ್ತು ಅನ್ನಿಸಿಬಿಡುತ್ತದೆ. ಬೆಟ್ಟ, ನದಿ ಕಾಣುವ ನಕ್ಷೆ ಹಾಕಿಕೊಳ್ಳಿ. ಬೈಕಲ್ ಸರೋವರ ಹುಡುಕಿ, ಅಲ್ಲಿಂದ ಪೂರ್ವಕ್ಕೆ ಬನ್ನಿ. ಶಿಲ್ಕಾ ಅಂತ ಒಂದು ನದಿ, ಅದರ ದಕ್ಷಿಣಕ್ಕೆ ಅರ್ಗುನ್ ಅಂತ ಇನ್ನೊಂದು. ಎರಡೂ ಸೇರಿದ ಮೇಲೆ ಅದರ ಹೆಸರು ಅಮೂರ್. ಚೀನಿಯರಿಗೆ ಅದೇ ಹೈಲೊಂಗ್‌ಜಿಯಾಂಗ್. ನೆರ್ಚಿನ್ಸ್ಕ್ ಇರುವುದು ಶಿಲ್ಕಾ ಹತ್ತಿರ, ನೆರ್ಚಾ ಅನ್ನುವ ನದಿಯ ದಡದಲ್ಲಿ. ಅಲ್ಲಿಂದ ಕೆಳಗೆ ಹರಿವಿನ ಜೊತೆ ಹೋದರೆ ಅಮೂರ್ ದಂಡೆಯಲ್ಲಿ ಅಲ್ಬಾಜಿನೊ ಅಂತ ಒಂದು ಹಳ್ಳಿ ಸಿಗುತ್ತದೆ. ಆಗ ಅದು ಅಲ್ಬಾಜಿನ್ ಕೋಟೆ. ಜಗಳದ ಗಂಟು ಅಲ್ಲೇ ಇತ್ತು. ಇನ್ನೂ ಉತ್ತರಕ್ಕೆ ಸ್ತನೊವೊಯ್ ಬೆಟ್ಟಸಾಲು, ಪೂರ್ವದ ತುದಿಯಲ್ಲಿ ಒಖೋತ್ಸ್ಕ್ ಸಮುದ್ರ, ಅದಕ್ಕೆ ಬಂದು ಸೇರುವ ಉದಾ ನದಿ.

ಇಷ್ಟನ್ನು ಒಂದು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಒರಟಾಗಿ ಬರೆದುಕೊಳ್ಳಿ. ಚಂದ ಇರಬೇಕಾಗಿಲ್ಲ. ಒಪ್ಪಂದಕ್ಕೆ ಕೂತವರ ಕೈಯಲ್ಲಿದ್ದ ನಕ್ಷೆಗಳೂ ಅಷ್ಟೇನೂ ಚಂದ ಇರಲಿಲ್ಲ.

ಹಿಂದಿನ ಐದಾರು ವರ್ಷ ಓದಿ

ಒಪ್ಪಂದದ ಹಿನ್ನೆಲೆ ಅಂತ ಪುಸ್ತಕಗಳು ನೂರು ವರ್ಷ ಹಿಂದಿನಿಂದ ಶುರು ಮಾಡುತ್ತವೆ. ಅಷ್ಟು ಬೇಕಿಲ್ಲ. ದೂರದ ಕಾರಣ ಎರಡು ಸಾಲಿನಲ್ಲಿ ತಿಳಿದರೆ ಸಾಕು. ರಷ್ಯಾದ ಕೊಸಾಕ್‌ಗಳು ಸೈಬೀರಿಯಾ ದಾಟಿ ಪೂರ್ವಕ್ಕೆ ಬಂದದ್ದು ಸೇಬಲ್ ಅನ್ನುವ ಪ್ರಾಣಿಯ ತುಪ್ಪಳಕ್ಕೆ. ಆದರೆ ತುಪ್ಪಳ ತಿಂದು ಬದುಕೋಕೆ ಆಗಲ್ಲವಲ್ಲ, ಆ ಚಳಿಯಲ್ಲಿ ಧಾನ್ಯ ಬೆಳೆಯುವುದು ಕಷ್ಟ. ಅಮೂರ್ ಕಣಿವೆಯಲ್ಲಿ ದೌರ್ ಜನ ಬೇಸಾಯ ಮಾಡುತ್ತಾರೆ ಅನ್ನುವ ಸುದ್ದಿ ಬಂತು. 1643ರಲ್ಲಿ ಪೊಯಾರ್ಕೊವ್ ಅನ್ನುವ ರಷ್ಯಾದ ದಂಡಿನ ಮುಖಂಡ ಹೊರಟ, ಆಮೇಲೆ ಖಬರೊವ್ ಬಂದು ಊರೂರು ಸುಲಿದ. ಅವನ ಹೆಸರಲ್ಲೇ ಈಗಿನ ಖಬರೊವ್ಸ್ಕ್ ನಗರ ಇದೆ, ಇರಲಿ. ಚಿಂಗ್ ಅರಸರು ಬೀಜಿಂಗ್‌ಗೆ ಬಂದದ್ದು 1644ರಲ್ಲಿ. ದಕ್ಷಿಣದ ದಂಗೆಗಳನ್ನು ಅಡಗಿಸಿ, 1683ರಲ್ಲಿ ತೈವಾನ್ ಹಿಡಿದ ಮೇಲೇ ಕಾಂಗ್‌ಶಿ ಚಕ್ರವರ್ತಿ ಪೂರ್ತಿಯಾಗಿ ಉತ್ತರಕ್ಕೆ ತಿರುಗಿ ನೋಡಿದ್ದು.

ನಿಜವಾಗಿ ಓದಬೇಕಾದದ್ದು ಇಲ್ಲಿಂದ ಮುಂದಿನದು. 1685ರಲ್ಲಿ ಚಿಂಗ್ ಸೈನ್ಯ ಅಲ್ಬಾಜಿನ್‌ಗೆ ಮುತ್ತಿಗೆ ಹಾಕಿತು. ಮರದ ಕೋಟೆ, ಎದುರಿಗೆ ಫಿರಂಗಿ. ಕೋಟೆಯ ಮುಖ್ಯಸ್ಥ ತೊಲ್ಬುಜಿನ್ ಶರಣಾದ. ಚಿಂಗ್ ಸೈನ್ಯ ಅವನನ್ನೂ ಅವನ ಜನರನ್ನೂ ನೆರ್ಚಿನ್ಸ್ಕ್‌ಗೆ ಹೋಗಲು ಬಿಟ್ಟು, ಕೋಟೆ ಸುಟ್ಟು, ವಾಪಸ್ ಹೋಯಿತು. ಆದರೆ ಹೊಲದಲ್ಲಿ ನಿಂತಿದ್ದ ಪೈರನ್ನು ಹಾಗೇ ಬಿಟ್ಟು ಹೋಗಿತ್ತು. ಕೆಲವೇ ವಾರಗಳಲ್ಲಿ ರಷ್ಯನ್ನರು ತಿರುಗಿ ಬಂದರು, ಆ ಪೈರು ಕೊಯ್ದುಕೊಂಡರು, ಈ ಸಲ ದಪ್ಪ ಮಣ್ಣಿನ ಗೋಡೆ ಹಾಕಿ ಕೋಟೆಯನ್ನು ಮತ್ತೆ ಎಬ್ಬಿಸಿದರು. 1686ರಲ್ಲಿ ಎರಡನೇ ಮುತ್ತಿಗೆ. ತೊಲ್ಬುಜಿನ್ ಫಿರಂಗಿ ಗುಂಡಿಗೆ ಬಲಿಯಾದ. ಚಳಿಗಾಲದಲ್ಲಿ ಸ್ಕರ್ವಿ ಕಾಯಿಲೆ ಹಬ್ಬಿತು. ಒಳಗಿದ್ದ 800ಕ್ಕೂ ಹೆಚ್ಚು ಜನರಲ್ಲಿ ಕೊನೆಗೆ ಉಳಿದವರು ನೂರಕ್ಕಿಂತ ಕಡಿಮೆ. ಮಾಸ್ಕೋದಿಂದ ಮಾತುಕತೆಗೆ ರಾಯಭಾರಿ ಬರುತ್ತಿದ್ದಾನೆ ಅನ್ನುವ ಸುದ್ದಿ ಬೀಜಿಂಗ್ ಮುಟ್ಟಿದ ಮೇಲೆ ಮುತ್ತಿಗೆ ಸಡಿಲವಾಯಿತು.

ಆ ಪೈರಿನ ವಿಷಯ ಯಾಕೆ ಹೇಳಿದೆ ಅಂದರೆ, ಒಪ್ಪಂದದಲ್ಲಿ ಅಲ್ಬಾಜಿನ್ ಬಗ್ಗೆ ಬರುವ ಮಾತು ಅಷ್ಟು ಬಿಗಿಯಾಗಿ ಯಾಕಿದೆ ಅನ್ನುವುದು ಇದನ್ನು ಓದಿದ್ದರೆ ಮಾತ್ರ ತಿಳಿಯುತ್ತದೆ. ಕೋಟೆಯನ್ನು ಪೂರ್ತಿ ಕೆಡವಬೇಕು, ಜನ ತಮ್ಮ ಸಾಮಾನು ಸರಂಜಾಮು ಎಲ್ಲ ತೆಗೆದುಕೊಂಡು ರಷ್ಯಾಕ್ಕೆ ಹೋಗಬೇಕು ಅಂತಿದೆ. ಒಮ್ಮೆ ಸುಟ್ಟ ಕೋಟೆ ಎದ್ದು ನಿಂತದ್ದನ್ನು ನೋಡಿದವರು ಬರೆಸಿದ ಸಾಲು ಅದು.

ಇಬ್ಬರ ಜೇಬಿನಲ್ಲೂ ಏನಿತ್ತು?

ಯಾವ ಒಪ್ಪಂದವಾದರೂ ರಾಯಭಾರಿಗಳಿಗೆ ಮನೆಯಿಂದ ಕೊಟ್ಟು ಕಳಿಸಿದ ಸೂಚನೆ ಸಿಗುತ್ತದಾ ಅಂತ ಹುಡುಕಿ. ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ನೆರ್ಚಿನ್ಸ್ಕ್ ವಿಷಯದಲ್ಲಿ ಎರಡೂ ಕಡೆಯದು ಗೊತ್ತಿದೆ, ಅದೇ ಇದರ ಸೊಗಸು.

ರಷ್ಯಾದ ರಾಯಭಾರಿ ಫ್ಯೋದೊರ್ ಗೊಲೊವಿನ್‌ಗೆ ಹೇಳಿ ಕಳಿಸಿದ್ದು: ಮೊದಲು ಅಮೂರ್ ನದಿಯೇ ಗಡಿ ಅಂತ ಕೇಳು. ಒಪ್ಪದಿದ್ದರೆ ಒಂದೊಂದೇ ಮೆಟ್ಟಿಲು ಇಳಿ. ತೀರಾ ಆಗದಿದ್ದರೆ ಅಲ್ಬಾಜಿನ್ ಕೂಡ ಬಿಡಬಹುದು, ಯುದ್ಧ ಮಾತ್ರ ಬೇಡ, ವ್ಯಾಪಾರ ಬೇಕು. ಆಗ ಮಾಸ್ಕೋದಲ್ಲಿ ಇವಾನ್ ಮತ್ತು ಪೀಟರ್ ಅಂತ ಇಬ್ಬರು ಎಳೆ ವಯಸ್ಸಿನ ಝಾರ್‌ಗಳು, ಅಧಿಕಾರ ನಡೆಸುತ್ತಿದ್ದದ್ದು ಅಕ್ಕ ಸೋಫಿಯಾ. 1687ರಲ್ಲಿ, ಮತ್ತೆ 1689ರಲ್ಲಿ ಕ್ರಿಮಿಯಾದ ಮೇಲೆ ಹೋದ ದಂಡು ಏನೂ ಗಿಟ್ಟದೆ ವಾಪಸ್ ಬಂದಿತ್ತು. ಸಾವಿರಾರು ಮೈಲಿ ಆಚೆ ಅಮೂರ್‌ನಲ್ಲಿ ಹೊಸ ಯುದ್ಧಕ್ಕೆ ಸೈನ್ಯ ಎಲ್ಲಿಂದ ತರುವುದು?

ಚಿಂಗ್ ಕಡೆಯದು ಇನ್ನೂ ಸ್ವಾರಸ್ಯ. ಮಾತುಕತೆ ಮೊದಲು ನಿಗದಿಯಾಗಿದ್ದದ್ದು 1688ರಲ್ಲಿ, ಬೈಕಲ್ ಹತ್ತಿರದ ಸೆಲೆಂಗಿನ್ಸ್ಕ್‌ನಲ್ಲಿ. ಆಗ ಕಾಂಗ್‌ಶಿ ಕೊಟ್ಟ ಸೂಚನೆ ಬಲು ಗಟ್ಟಿಯಾಗಿತ್ತು: ನೆರ್ಚಿನ್ಸ್ಕ್ ನಮ್ಮದು, ಅಲ್ಬಾಜಿನ್ ನಮ್ಮದು, ಅಮೂರ್‌ಗೆ ಸೇರುವ ಒಂದು ತೊರೆಯನ್ನೂ ಬಿಡಬೇಡಿ. ಆ ತಂಡ ಹೊರಟು ಮಂಗೋಲಿಯಾ ದಾರಿಯಲ್ಲಿ ಹೋಗುತ್ತಿರುವಾಗಲೇ ಜುಂಗಾರ್ ಮಂಗೋಲರ ನಾಯಕ ಗಾಲ್ಡಾನ್ ಖಾಲ್ಖಾ ಮಂಗೋಲರ ಮೇಲೆ ಬಿದ್ದಿದ್ದ. ದಾರಿಯೇ ಮುಚ್ಚಿಹೋಯಿತು, ತಂಡ ವಾಪಸ್ ಬಂತು. ಖಾಲ್ಖಾ ಜನ ತಂಡೋಪತಂಡವಾಗಿ ಚಿಂಗ್ ಆಶ್ರಯಕ್ಕೆ ಓಡಿ ಬಂದರು. ಮುಂದಿನ ವರ್ಷ ಅದೇ ತಂಡ ಮತ್ತೆ ಹೊರಟಾಗ ಸೂಚನೆ ಮೆತ್ತಗಾಗಿತ್ತು. ರಷ್ಯನ್ನರು ಹಟ ಹಿಡಿದರೆ ನೆರ್ಚಿನ್ಸ್ಕ್ ಬಿಟ್ಟುಕೊಡಿ, ಅರ್ಗುನ್ ಗಡಿ ಆಗಲಿ.

ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಗಾಲ್ಡಾನ್ ಮತ್ತು ರಷ್ಯಾ ಕೈಜೋಡಿಸಿದರೆ ಗತಿಯೇನು ಅನ್ನುವ ಭಯ. ಮುಂದಿನ ವರ್ಷ, 1690ರಲ್ಲಿ, ಚಿಂಗ್ ಸೈನ್ಯ ಗಾಲ್ಡಾನ್ ಜೊತೆ ಉಲಾನ್ ಬುತುಂಗ್‌ನಲ್ಲಿ ಕಾದಾಡಿತು. ಅಂದರೆ ಒಪ್ಪಂದದ ಆರು ಅಂಶಗಳಲ್ಲಿ ಎಲ್ಲೂ ಹೆಸರಿಲ್ಲದ ಮನುಷ್ಯ ಇಡೀ ಒಪ್ಪಂದವನ್ನು ಬರೆಸಿದ್ದಾನೆ. ಒಪ್ಪಂದ ಓದುವಾಗ ಇಂಥ ಮೂರನೆಯವನನ್ನು ಹುಡುಕಿ. ಬಹಳ ಸಲ ಸಿಗುತ್ತಾನೆ.

ಡೇರೆಯೊಳಗೆ ಒಮ್ಮೆ ಇಣುಕಿ

ಮಾತುಕತೆಯ ದಿನಚರಿ ಸಿಕ್ಕರೆ ಬಿಡಬೇಡಿ. ಇಲ್ಲಿ ಚಿಂಗ್ ಕಡೆಗೆ ದುಭಾಷಿಗಳಾಗಿ ಬಂದಿದ್ದ ಇಬ್ಬರು ಜೆಸ್ವಿಟ್ ಪಾದ್ರಿಗಳು, ಫ್ರಾನ್ಸಿನ ಜೆರ್ಬಿಯೊನ್ ಮತ್ತು ಪೋರ್ಚುಗಲ್‌ನ ಪೆರೇರಾ, ಇಬ್ಬರೂ ದಿನಚರಿ ಬರೆದಿಟ್ಟಿದ್ದಾರೆ. ಗೊಲೊವಿನ್ ಕೂಡ ಮಾಸ್ಕೋಗೆ ಉದ್ದದ ವರದಿ ಕೊಟ್ಟಿದ್ದಾನೆ.

ನೆರ್ಚಿನ್ಸ್ಕ್ ಹೊರಗೆ ಬಯಲಿನಲ್ಲಿ ಎರಡು ಡೇರೆ ಹಾಕಿದರು. ಒಂದಕ್ಕೊಂದು ಅಂಟಿಕೊಂಡ ಹಾಗೆ, ನೋಡಿದರೆ ಒಂದೇ ಡೇರೆ ಅನ್ನಬೇಕು. ಯಾರೂ ಇನ್ನೊಬ್ಬರ ಮನೆ ಬಾಗಿಲಿಗೆ ಹೋದ ಹಾಗೆ ಆಗಬಾರದಲ್ಲ! ರಷ್ಯಾದ ಕಡೆ ಟರ್ಕಿ ರತ್ನಗಂಬಳಿ, ಮೇಜು, ಮೇಜಿನ ಮೇಲೆ ಗಡಿಯಾರ. ಚಿಂಗ್ ಕಡೆ ಸಾದಾ ಬಟ್ಟೆಯ ಡೇರೆ, ಕೂರೋಕೆ ಬೆಂಚು. ಎರಡೂ ಕಡೆಯಿಂದ ಬರುವ ಕಾವಲುಗಾರರ ಸಂಖ್ಯೆ ಸಮ ಇರಬೇಕು, ಕತ್ತಿ ಬಿಟ್ಟು ಬೇರೆ ಆಯುಧ ಇರಬಾರದು ಅಂತ ಮೊದಲೇ ಮಾತಾಗಿತ್ತು. ಗೊಲೊವಿನ್ ತುತ್ತೂರಿ, ನಗಾರಿ ಬಾರಿಸಿಕೊಂಡು ಬಂದ.

ಡೇರೆಯೊಳಗೆ ಎಲ್ಲ ಸಮ. ಹೊರಗೆ? ಅಲ್ಲಿ ಸಮ ಇರಲಿಲ್ಲ. ಚಿಂಗ್ ತಂಡದ ಮುಖ್ಯಸ್ಥ ಸೊಂಗೊಟು ಜೊತೆ ಬಂದಿದ್ದವರ ಸಂಖ್ಯೆ, ದೋಣಿಗಳಲ್ಲಿ ಬಂದವರನ್ನೂ ಸೇರಿಸಿದರೆ, ರಷ್ಯನ್ನರಿಗಿಂತ ಹಲವು ಪಟ್ಟು ಜಾಸ್ತಿ. ಮಾತು ಮುರಿದುಬಿದ್ದಾಗ ಚಿಂಗ್ ಸೈನ್ಯ ನದಿ ದಾಟಿ ಊರಿನ ಸುತ್ತಲಿನ ಗುಡ್ಡಗಳ ಮೇಲೆ ಬಂದು ನಿಂತಿತು. ಸುತ್ತಮುತ್ತಲಿನ ಬುರ್ಯಾತ್ ಜನರಲ್ಲೂ ಕೆಲವರು ರಷ್ಯನ್ನರಿಗೆ ತಿರುಗಿಬಿದ್ದರು. ಗೊಲೊವಿನ್ ಮೆಟ್ಟಿಲು ಇಳಿಯೋಕೆ ಶುರು ಮಾಡಿದ್ದು ಆಗಲೇ.

ಇಲ್ಲೇ ಒಂದು ತಮಾಷೆ ಇದೆ. 1960, 70ರ ದಶಕಗಳಲ್ಲಿ ಸೋವಿಯತ್ ಒಕ್ಕೂಟಕ್ಕೂ ಚೀನಾಕ್ಕೂ ಗಡಿ ಜಗಳ ಜೋರಾದಾಗ ಚೀನಾ ಇದನ್ನು ಸಮಾನರ ಒಪ್ಪಂದ ಅಂತ ಕರೆಯಿತು, ಸೋವಿಯತ್ ಬರಹಗಾರರು ಸೈನ್ಯ ತೋರಿಸಿ ಬರೆಸಿಕೊಂಡದ್ದು ಅಂದರು. ಚೀನಾದವರು ಡೇರೆಯೊಳಗೆ ನೋಡುತ್ತಿದ್ದರು, ಸೋವಿಯತ್‌ನವರು ಗುಡ್ಡದ ಕಡೆ. ನೀವು ಎರಡನ್ನೂ ನೋಡಿ.

ಭಾಷೆ ಮತ್ತು ತಾರೀಖು

ಯಾವ ಭಾಷೆಯ ಪ್ರತಿ ಅಧಿಕೃತ ಅಂತ ಮೊದಲೇ ತಿಳಿದುಕೊಳ್ಳಿ. ಇಲ್ಲಿ ಅದು ಲ್ಯಾಟಿನ್. ರಷ್ಯಾಕ್ಕೂ ಸ್ವಂತ ಅಲ್ಲ, ಚಿಂಗ್‌ಗೂ ಸ್ವಂತ ಅಲ್ಲ. ಪಾದ್ರಿಗಳಿಗೆ ಲ್ಯಾಟಿನ್ ಬರುತ್ತಿತ್ತು, ರಷ್ಯಾದ ಕಡೆಯ ಪೋಲೆಂಡ್ ಮೂಲದ ದುಭಾಷಿ ಬೆಲೊಬೊತ್ಸ್ಕಿಗೂ ಬರುತ್ತಿತ್ತು. ಅದರ ಜೊತೆಗೆ ರಷ್ಯನ್ ಪ್ರತಿ, ಚಿಂಗ್ ಅರಸರ ಮನೆಮಾತಾದ ಮಂಚು ಭಾಷೆಯ ಪ್ರತಿ. ಅಲ್ಲಿ ವಿನಿಮಯ ಮಾಡಿಕೊಂಡ ಪ್ರತಿಗಳಲ್ಲಿ ಚೀನಿ ಭಾಷೆಯದು ಇರಲಿಲ್ಲ. ಅಂತರ್ಜಾಲದಲ್ಲಿ ಸಿಗುವ ಇಂಗ್ಲಿಷ್ ಅನುವಾದ ಯಾವ ಪ್ರತಿಯಿಂದ ಬಂದದ್ದು ಅಂತ ನೋಡದೆ ಓದಬೇಡಿ, ಯಾಕಂದರೆ ಮೂರರಲ್ಲೂ ಮಾತು ಒಂದೇ ಥರ ಇಲ್ಲ. ಇನ್ನೊಂದು, ದುಭಾಷಿಗೂ ಸ್ವಂತ ಆಸೆ ಇರುತ್ತದೆ. ಜೆಸ್ವಿಟರಿಗೆ ರಷ್ಯಾ ಮೂಲಕ ಚೀನಾಕ್ಕೆ ನೆಲದ ದಾರಿ ಬೇಕಿತ್ತು, ಕಾಂಗ್‌ಶಿಯ ಕೃಪೆಯೂ ಬೇಕಿತ್ತು. ಗೊಲೊವಿನ್‌ಗೆ ಅವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ, ಮಂಗೋಲ್ ಭಾಷೆಯಲ್ಲಿ ನೇರ ಮಾತಾಡೋಣ ಅಂತಲೂ ಯತ್ನಿಸಿದ. 1692ರಲ್ಲಿ ಕಾಂಗ್‌ಶಿ ಕ್ರೈಸ್ತ ಧರ್ಮಕ್ಕೆ ಅನುಮತಿ ಕೊಟ್ಟ, ಅದರ ಹಿಂದೆ ನೆರ್ಚಿನ್ಸ್ಕ್ ಸೇವೆಯ ಋಣವೂ ಇದೆ ಅಂತ ಹೇಳುತ್ತಾರೆ.

ತಾರೀಖಿನಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ರಷ್ಯಾದಲ್ಲಿ ಆಗ ಜೂಲಿಯನ್ ಪಂಚಾಂಗ, ಅದರ ಪ್ರಕಾರ ಆಗಸ್ಟ್ 27. ವರ್ಷ ಮಾತ್ರ 7197, ಸೃಷ್ಟಿಯಿಂದ ಎಣಿಸುತ್ತಿದ್ದರು! ಚಿಂಗ್ ಲೆಕ್ಕದಲ್ಲಿ ಕಾಂಗ್‌ಶಿಯ 28ನೇ ವರ್ಷ. ನಮ್ಮ ಈಗಿನ ಕ್ಯಾಲೆಂಡರಿಗೆ ತಂದರೆ ಸೆಪ್ಟೆಂಬರ್ ಮೊದಲ ವಾರ. ಒಂದು ಪುಸ್ತಕದಲ್ಲಿ ಆಗಸ್ಟ್, ಇನ್ನೊಂದರಲ್ಲಿ ಸೆಪ್ಟೆಂಬರ್ ಅಂತಿದ್ದರೆ ತಪ್ಪು ಅಂದುಕೊಳ್ಳಬೇಡಿ.

ಈಗ ಗೆರೆ ಎಳೆಯಿರಿ

ನಿಮ್ಮ ಪೆನ್ಸಿಲ್ ಹಾಳೆ ತೆಗೆಯಿರಿ. ಒಪ್ಪಂದ ಹೇಳುವುದು ಹೀಗೆ. ಅರ್ಗುನ್ ನದಿಯ ದಕ್ಷಿಣ ಚಿಂಗ್‌ಗೆ, ಉತ್ತರ ರಷ್ಯಾಕ್ಕೆ. ದಕ್ಷಿಣ ದಂಡೆಯಲ್ಲಿದ್ದ ರಷ್ಯಾದ ಮನೆಗಳನ್ನು ಉತ್ತರಕ್ಕೆ ಸಾಗಿಸಬೇಕು. ಆಮೇಲೆ ಶಿಲ್ಕಾಗೆ ಉತ್ತರದಿಂದ ಬಂದು ಸೇರುವ ಗೊರ್ಬಿತ್ಸಾ ಅನ್ನುವ ಚಿಕ್ಕ ನದಿ ಗಡಿ. ಅದರ ಮೂಲದಿಂದ ಬೆಟ್ಟದ ನೆತ್ತಿ ಹಿಡಿದು ಸಮುದ್ರದವರೆಗೆ. ಬೆಟ್ಟದ ದಕ್ಷಿಣಕ್ಕೆ ಇಳಿದು ಅಮೂರ್ ಸೇರುವ ನದಿಗಳೆಲ್ಲ ಚಿಂಗ್‌ನವು, ಉತ್ತರಕ್ಕೆ ಇಳಿಯುವವು ರಷ್ಯಾದವು.

ಈ ಕೊನೆಯ ಮಾತು ಅರ್ಥವಾಗದಿದ್ದರೆ ಬಿಸಲೆ ಘಾಟಿ ನೆನಪು ಮಾಡಿಕೊಳ್ಳಿ. ಸಕಲೇಶಪುರದ ಕಡೆಯಿಂದ ಬಿಸಲೆಗೆ ಹೋಗುವಾಗ ಮಂಕನಹಳ್ಳಿ ಹತ್ತಿರ ಒಂದು ಕಲ್ಲು ಇದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಅಂಥ ಏಣನ್ನೇ ಎರಡು ಸಾಮ್ರಾಜ್ಯಗಳ ಗಡಿ ಮಾಡಿದರೆ ಹೇಗೋ ಹಾಗೆ. ಯಾರೂ ಕಾಲಿಟ್ಟು ನೋಡದ ಬೆಟ್ಟಕ್ಕೂ ಈ ನಿಯಮ ನಡೆಯುತ್ತದೆ, ಅಳತೆ ಮಾಡುವವರೂ ಬೇಕಿಲ್ಲ. ಕಾಗದದ ಮೇಲೆ ಇದಕ್ಕಿಂತ ಸುಲಭದ ಗಡಿ ಇಲ್ಲ. ಬೆಟ್ಟಸಾಲು ಒಂದೇ ಆಗಿರುವ ತನಕ.

ಇಲ್ಲಿ ಆಗಿದ್ದು ಅದೇ ಪೇಚು. ಸಮುದ್ರದ ಹತ್ತಿರ ಹೋಗುತ್ತಾ ಬೆಟ್ಟಸಾಲು ಕವಲಾಗುತ್ತದೆ. ಉತ್ತರದ ಕವಲು ಹಿಡಿಯಬೇಕೋ ದಕ್ಷಿಣದ್ದೋ? ನಡುವೆ ಉದಾ ನದಿಯ ದೊಡ್ಡ ಕಣಿವೆ. ಎರಡೂ ಕಡೆಯವರಿಗೆ ಆ ಜಾಗದ ಬಗ್ಗೆ ಸರಿಯಾದ ಮಾಹಿತಿ ಇಲ್ಲ, ಗೊಲೊವಿನ್‌ಗೆ ಬಿಟ್ಟುಕೊಡೋಕೆ ಅಪ್ಪಣೆಯೂ ಇಲ್ಲ. ಹಾಗಾಗಿ ಉದಾ ಮತ್ತು ಬೆಟ್ಟದ ನಡುವಿನ ನೆಲವನ್ನು ಆಮೇಲೆ ತೀರ್ಮಾನಿಸೋಣ ಅಂತ ಬರೆದು ಬಿಟ್ಟರು. ಹಾಳೆಯಲ್ಲಿ ಆ ಜಾಗಕ್ಕೆ ಗೆರೆ ಎಳೆಯಬೇಡಿ, ಬೇರೆ ಬಣ್ಣ ಬಳಿಯಿರಿ. ಗಡಿ ಒಪ್ಪಂದ ಓದುವಾಗ ಹೀಗೆ ಖಾಲಿ ಬಿಟ್ಟ ಜಾಗ ಎಲ್ಲಿದೆ ಅಂತ ಹುಡುಕುವುದು ನನಗಂತೂ ಗೆರೆಗಿಂತ ಹೆಚ್ಚು ಇಷ್ಟ. ಮಂಗೋಲಿಯಾ ಭಾಗದ ಗಡಿಯನ್ನು ನೋಡಿ, ಅದರ ಮಾತೇ ಎತ್ತಿಲ್ಲ. ಅಲ್ಲಿ ಇನ್ನೂ ಗಾಲ್ಡಾನ್ ಇದ್ದನಲ್ಲ.

ಜನರ ಬಗ್ಗೆ ಇರುವ ಸಾಲು ಬಿಡಬೇಡಿ

ನೆಲದ ಸಾಲು ಓದಿ ಮುಚ್ಚಿಡುವವರೇ ಜಾಸ್ತಿ. ಉಳಿದ ಅಂಶಗಳಲ್ಲಿ ಬದುಕು ಇದೆ. ಬೇಟೆಗಾರರು ಗಡಿ ದಾಟಿ ಕಳ್ಳತನ ಮಾಡಿದರೆ ಹಿಡಿದು ಅವರವರ ಅಧಿಕಾರಿಗಳಿಗೆ ಒಪ್ಪಿಸಬೇಕು. 10-15 ಜನ ಆಯುಧ ಹಿಡಿದು ಗುಂಪಾಗಿ ಬಂದು ಕೊಂದರೆ, ಸುಲಿದರೆ ಮರಣದಂಡನೆ. ಆದರೆ ಇಂಥ ಒಂದೆರಡು ಕೃತ್ಯಕ್ಕೆ ಯುದ್ಧ ಮಾಡುವ ಹಾಗಿಲ್ಲ. ಇನ್ನು ಮುಂದೆ ಓಡಿಬಂದವರನ್ನು ಇಟ್ಟುಕೊಳ್ಳದೆ ವಾಪಸ್ ಕಳಿಸಬೇಕು, ಈಗಾಗಲೇ ಬಂದವರು ಇದ್ದಲ್ಲೇ ಇರಲಿ. ಪರವಾನಗಿ ಪತ್ರ ಇದ್ದವರು ಗಡಿ ದಾಟಿ ವ್ಯಾಪಾರ ಮಾಡಬಹುದು.

'ಈಗಾಗಲೇ ಬಂದವರು' ಅನ್ನುವಲ್ಲಿ ಒಂದು ಕಥೆ ಇದೆ. ಗಾಂತಿಮುರ್ ಅಂತ ಎವೆಂಕಿ ಬುಡಕಟ್ಟಿನ ನಾಯಕನೊಬ್ಬ 1667ರಲ್ಲಿ ಚಿಂಗ್ ಬಿಟ್ಟು ತನ್ನ ಜನರ ಜೊತೆ ರಷ್ಯಾದ ಕಡೆ ಬಂದಿದ್ದ. ಅವನನ್ನು ಒಪ್ಪಿಸಿ ಅಂತ ಚಿಂಗ್ ವರ್ಷಗಟ್ಟಲೆ ಕೇಳಿತು, ರಷ್ಯಾ ಕೊಡಲಿಲ್ಲ. ಅವನ ಜೊತೆ ಬಂದವರು ಸೇಬಲ್ ತುಪ್ಪಳದ ಕಪ್ಪ ಕೊಡುವವರು, ಗಡಿ ತಿಳಿದವರು, ಬಿಟ್ಟುಕೊಟ್ಟರೆ ನಷ್ಟ. ಒಪ್ಪಂದದ ಒಂದು ಸಾಲು ಆ ಜಗಳವನ್ನು ತಣ್ಣಗೆ ಮಾಡಿತು. ಆಚೆ ಕಡೆಯೂ ಹೀಗೇ ಉಳಿದವರಿದ್ದರು. ಅಲ್ಬಾಜಿನ್ ಸುತ್ತಮುತ್ತ ಸೆರೆಸಿಕ್ಕ, ಶರಣಾದ ರಷ್ಯನ್ನರನ್ನು ಬೀಜಿಂಗ್‌ಗೆ ಕರೆದುಕೊಂಡು ಹೋಗಿ ಚಿಂಗ್ ಸೈನ್ಯದಲ್ಲೇ ಸೇರಿಸಿಕೊಂಡಿದ್ದರು. ಜೊತೆಗೆ ಮ್ಯಾಕ್ಸಿಮ್ ಲಿಯೊಂಟಿಯೆವ್ ಅನ್ನುವ ಪಾದ್ರಿ. ಅವರಿಗೆ ಪೂಜೆಗೆ ಜಾಗ ಕೊಟ್ಟರು. ಬೀಜಿಂಗ್‌ನ ಆರ್ಥೊಡಾಕ್ಸ್ ಕ್ರೈಸ್ತರ ಇತಿಹಾಸ ಅಲ್ಲಿಂದಲೇ ಶುರು.

ಮತ್ತೆ, ದೌರ್, ಎವೆಂಕಿ, ಬುರ್ಯಾತ್ ಜನರನ್ನು ಡೇರೆಯೊಳಗೆ ಯಾರೂ ಕರೆದು ಕೂರಿಸಲಿಲ್ಲ. ನೆಲ ಅವರದು. ಸಹಿ, ಮೊಹರು ಬೇರೆಯವರದು.

ಆಮೇಲೆ ಏನಾಯ್ತು ಅಂತ ನೋಡಿ, ಆದರೆ ಬೇಗ ಮುಗಿಸಿ

ಇದು ಸುಮಾರು 170 ವರ್ಷ ಬಾಳಿತು. 1858ರಲ್ಲಿ ಚಿಂಗ್ ಒಳಗೂ ಹೊರಗೂ ಏಟು ತಿನ್ನುತ್ತಿದ್ದಾಗ ರಷ್ಯಾದ ಅಧಿಕಾರಿ ಮುರಾವ್ಯೊವ್ ಐಗುನ್ ಅನ್ನುವ ಊರಲ್ಲಿ ಹೊಸ ಕಾಗದ ಬರೆಸಿಕೊಂಡ. ಅಮೂರ್‌ನ ಉತ್ತರ ದಂಡೆಯೆಲ್ಲ ರಷ್ಯಾಕ್ಕೆ ಹೋಯಿತು. 1860ರ ಬೀಜಿಂಗ್ ಒಪ್ಪಂದದಲ್ಲಿ ಉಸ್ಸುರಿ ನದಿಯ ಪೂರ್ವವೂ ಹೋಯಿತು. ಈಗಿನ ವ್ಲಾದಿವೊಸ್ತೊಕ್ ಇರುವುದು ಅಲ್ಲೇ. 1969ರಲ್ಲಿ ಉಸ್ಸುರಿಯ ಒಂದು ಚಿಕ್ಕ ದ್ವೀಪಕ್ಕಾಗಿ ಗುಂಡು ಹಾರಿತು. 1991ರಲ್ಲಿ, ಆಮೇಲೆ 2004ರಲ್ಲಿ ಹೊಸ ಒಪ್ಪಂದಗಳಾಗಿ, ಕೊನೆಯ ಗಡಿಕೆಲಸ ಮುಗಿದದ್ದು 2008ರಲ್ಲಿ. ಇದನ್ನೆಲ್ಲ ತಿಳಿದಿರಿ, ಆದರೆ 1689ರ ಕಾಗದ ಓದುವಾಗ ಪಕ್ಕಕ್ಕಿಡಿ. ಸೊಂಗೊಟುಗಾಗಲಿ ಗೊಲೊವಿನ್‌ಗಾಗಲಿ 1858 ಗೊತ್ತಿರಲಿಲ್ಲ. ಮುಂದೆ ಸೋತವನನ್ನು ಹಿಂದೆಯೇ ದಡ್ಡ ಅಂದುಬಿಡುವುದು ಸುಲಭ.

ಇಷ್ಟು ಆದಮೇಲೆ ಇದೇ ರೀತಿ 1727ರ ಕ್ಯಾಖ್ತಾ ಒಪ್ಪಂದ ಓದಿ ನೋಡಿ. ಅವೇ ಎರಡು ಸಾಮ್ರಾಜ್ಯ. ರಷ್ಯಾದ ಕಡೆ ಸಾವಾ ವ್ಲಾದಿಸ್ಲಾವಿಚ್. ನೆರ್ಚಿನ್ಸ್ಕ್‌ನಲ್ಲಿ ಮುಟ್ಟದೆ ಬಿಟ್ಟ ಮಂಗೋಲಿಯಾ ಗಡಿಯನ್ನು ಅಲ್ಲಿ ಎಳೆದಿದ್ದಾರೆ. ಕ್ಯಾಖ್ತಾದಲ್ಲಿ ಗಡಿ ಮೇಲೇ ವ್ಯಾಪಾರಕ್ಕೆ ಊರು ಕಟ್ಟುವ ಮಾತು ಬರುತ್ತದೆ, ಮುಂದೆ ಅದೇ ದಾರಿಯಲ್ಲಿ ರಷ್ಯಾಕ್ಕೆ ಚಹಾ ಹೋಯಿತು. ಆ ಹಾಳೆಯ ಮೇಲೂ ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ, ಯಾಕಂದರೆ ಉದಾ ಕಣಿವೆಯನ್ನು ಅಲ್ಲೂ ಆಮೇಲೆ ನೋಡೋಣ ಅಂತಲೇ ಬಿಟ್ಟಿದ್ದಾರೆ.